ಕೊನೆಯ ಗಾಡಿ ನೋಡಿಕೊಂಡು ಗ್ಲಾಸು ಹಿಡಿ

ತಮ್ಮಾ,

ಶನಿವಾರ ಗೆಳೆಯರ ಜೊತೆ ಇಂದಿರಾನಗರದ ‘ಟಾಯ್ಟ್’ ಅನ್ನುವ ಬಿಯರ್ ಬ್ರೂವರಿಗೆ ಹೋಗುವವನಿದ್ದೀ, ಗಾಡಿ ಒಯ್ಯಬೇಕೋ ಬಿಡಬೇಕೋ ಅಂತ ನಿಮ್ಮಪ್ಪನನ್ನು ಬಿಟ್ಟು ಕಾಕಾನನ್ನು ಕೇಳಿದ್ದೀ. ಜಾಣ ಇದ್ದೀ. ನಿಮ್ಮಪ್ಪನನ್ನು ಕೇಳಿದ್ದರೆ ಗಾಡಿಯ ಮಾತು ಬರುವ ಮೊದಲೇ ಫೋನು ಕಟ್ಟಾಗುತ್ತಿತ್ತು. ನಾನು ಬಸ್ಸಿನಲ್ಲಿ ಟಿಕೆಟ್ ಹರಿದು ಜೀವನ ಮಾಡಿದವ. ರಾತ್ರಿ ವಸ್ತಿ ಗಾಡಿಗೆ ಯಾರು ಯಾವ ಸ್ಥಿತಿಯಲ್ಲಿ ಹತ್ತುತ್ತಾರೆ, ಯಾರು ಹತ್ತದೇ ಬೈಕಿನಲ್ಲಿ ಹೋಗುತ್ತಾರೆ ಅಂತ ಬಾಗಿಲಲ್ಲಿ ನಿಂತು ನೋಡಿದವ. ಹಾಗಾಗಿ ಕುಡಿತದ ಬಗ್ಗೆ ನನ್ನ ಉಪದೇಶ ಕಡಿಮೆ, ವಾಪಸ್ ಬರುವುದರ ಬಗ್ಗೆ ಹೆಚ್ಚು.

ಗಾಡಿ ಒಯ್ಯಬೇಡ. ಒಯ್ದು ಅಲ್ಲೇ ಬಿಟ್ಟು ಬರುತ್ತೇನೆ ಅನ್ನುವುದೂ ಬೇಡ. ಹೊರಗೆ ನಿಲ್ಲಿಸಿದ ಗಾಡಿ ರಾತ್ರಿ ಹತ್ತು ಗಂಟೆಗೆ ಕೈಬೀಸಿ ಕರೆಯುತ್ತದೆ. ನಾಳೆ ಮತ್ತೆ ಇಷ್ಟು ದೂರ ಯಾರು ಬರಬೇಕು, ಪಾರ್ಕಿಂಗ್ ದುಡ್ಡು ಯಾರು ಕೊಡಬೇಕು, ನಿಧಾನವಾಗಿ ಹೋದರಾಯಿತು ಅಂತ ಲೆಕ್ಕ ಶುರುವಾಗುತ್ತದೆ. ಕುಡಿದ ತಲೆಗೆ ಆ ಲೆಕ್ಕ ಬಹಳ ಸರಿ ಕಾಣುತ್ತದೆ. ನಿರ್ಧಾರ ಆಗಬೇಕಾದ್ದು ಸಂಜೆ ಐದಕ್ಕೆ, ಕೀಲಿಯನ್ನು ರೂಮಿನ ಮೊಳೆಗೆ ಸಿಕ್ಕಿಸಿ ಬಾಗಿಲು ಹಾಕುವಾಗ.

ಹಳೆಯದೊಂದು ಹೇಳುತ್ತೇನೆ, ಹೊಗಳಲಿಕ್ಕಲ್ಲ. ನಮ್ಮ ಬೀದರ್ ಭಾಗ 1948ರವರೆಗೆ ನಿಜಾಮರ ಕೈಯಲ್ಲಿತ್ತು, ಆಮೇಲೆ 1956ರ ನವೆಂಬರ್ 1ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಖಜಾನೆಗೆ ಅಬ್ಕಾರಿಯಿಂದ ಬರುತ್ತಿದ್ದ ದುಡ್ಡು ಸಣ್ಣದಲ್ಲ. ಈಚಲ ಗಿಡಕ್ಕೆ ಗಡಿಗೆ ಕಟ್ಟಿ ಇಳಿಸಿದ ಸೇಂದಿ ಊರೂರಿಗೂ ಇತ್ತು. ಕುಡಿದು ಮನೆ ಹಾಳು ಮಾಡಿಕೊಂಡವರು ಆಗಲೂ ಇದ್ದರು, ಹೊಲ ಒತ್ತೆ ಇಟ್ಟವರಿದ್ದರು, ಹೆಂಗಸರ ಮೈಮೇಲೆ ಕೈಮಾಡಿದವರಿದ್ದರು. ಅದನ್ನು ಮುಚ್ಚಿಡುವುದಿಲ್ಲ. ಆದರೆ ಕುಡಿಯುವ ಜಾಗ ನಡೆದು ಹೋಗುವಷ್ಟು ಹತ್ತಿರವಿತ್ತು. ಕುಡಿದವ ನಡೆದೇ ಬರುತ್ತಿದ್ದ. ಹೆಚ್ಚೆಂದರೆ ಹೊಲದ ಬದುವಿನ ಮೇಲೆ ಮಲಗಿ ಬೆಳಿಗ್ಗೆ ಎದ್ದು ಬರುತ್ತಿದ್ದ. ಅವನ ಕುಡಿತ ಅವನ ಮನೆ ಕೆಡಿಸಿತೇ ಹೊರತು ಎದುರಿಗೆ ಬಂದವನ ಕಾಲು ಮುರಿಯಲಿಲ್ಲ.

ನಮ್ಮ ಕಡೆ ಸೇಂದಿ ನಿಂತಿತು. 2007ರ ಜುಲೈ 1ರಿಂದ ಸಾರಾಯಿ ಪ್ಯಾಕೆಟ್ಟೂ ನಿಂತಿತು. ಕುಡಿತ ನಿಲ್ಲಲಿಲ್ಲ, ಊರಿನಿಂದ ಎದ್ದು ಹೈವೇ ಹತ್ತಿರ ಹೋಯಿತು. ಅಷ್ಟರಲ್ಲಿ ಮನೆಮನೆಗೂ ಬೈಕ್ ಬಂದಿತ್ತು. 2016ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೆದ್ದಾರಿಯಿಂದ 500 ಮೀಟರ್ ಒಳಗೆ ಮದ್ಯದ ಅಂಗಡಿ ಬೇಡ ಅಂತ ಹೇಳಿತು. ಆಮೇಲೆ ಸಣ್ಣ ಊರುಗಳಿಗೆ ಅದನ್ನು 220 ಮೀಟರ್‌ಗೆ ಇಳಿಸಿತು, ಪಟ್ಟಣಗಳ ಒಳಗೆ ಸಡಿಲ ಮಾಡಿತು. ಅಂಗಡಿ ಅತ್ತಿತ್ತ ಸರಿಯಿತು. ಅಲ್ಲಿಗೆ ಬೈಕ್ ಮೇಲೆ ಹೋಗಿ ಬೈಕ್ ಮೇಲೆಯೇ ಬರುವುದು ಮಾತ್ರ ಹಾಗೆಯೇ ಉಳಿಯಿತು. ಹೈವೇ ಮೇಲಿನ ಮನ್ನಾಎಖೇಳ್ಳಿಯಿಂದ ನಮ್ಮೂರು ನಿರ್ಣಾಕ್ಕೆ ಬರುವ ರಸ್ತೆ ನಿನಗೆ ಗೊತ್ತು. ಎರಡೂ ಕಡೆ ತೊಗರಿ ಹೊಲ, ದೀಪ ಇಲ್ಲ. ಚಳಿಗಾಲದಲ್ಲಿ ಕಬ್ಬಿನ ಟ್ರ್ಯಾಕ್ಟರ್ ಹಿಂದೆ ಕೆಂಪು ಲೈಟೂ ಇಲ್ಲದೆ ನಿಂತಿರುತ್ತದೆ. ಎಚ್ಚರ ಇದ್ದವನಿಗೇ ಕಾಣುವುದಿಲ್ಲ.

ನಮ್ಮ ಹುಡುಗರು ಕುಡಿದು ಗಾಡಿ ಹತ್ತುವುದು ಸೊಕ್ಕಿನಿಂದ ಅಂತ ಎಲ್ಲರೂ ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಅವರು ಗಾಡಿ ಹತ್ತುವುದು ಹೆದರಿಕೆಯಿಂದ. ಊರಲ್ಲಿ ಯಾರ ಕಣ್ಣಿಗೂ ಬೀಳಬಾರದು ಅಂತ ದೂರದ ಢಾಬಾಕ್ಕೆ ಹೋಗಬೇಕು, ಅವ್ವ ಊಟಕ್ಕೆ ಕಾಯುವ ಮೊದಲು ಮನೆ ಸೇರಬೇಕು, ಬಸ್ಸು ಹತ್ತಿದರೆ ಪರಿಚಯದವರು ವಾಸನೆ ಹಿಡಿಯುತ್ತಾರೆ. ಕದ್ದು ಕುಡಿಯುವವನಿಗೆ ಬೈಕ್ ಬಿಟ್ಟರೆ ಬೇರೆ ದಾರಿಯಿಲ್ಲ. ನಿನಗೆ ಬೆಂಗಳೂರಿನಲ್ಲಿ ಆ ಕಾಟವಿಲ್ಲ. ಮೆಟ್ರೋದಲ್ಲಿ ಪಕ್ಕ ಕೂತವನಿಗೆ ನೀನು ಯಾರ ಮಗ ಅಂತ ಗೊತ್ತಿಲ್ಲ. ಊರು ಬಿಟ್ಟುಹೋದ ಮೇಲೆ ಸಿಕ್ಕ ಸ್ವಾತಂತ್ರ್ಯ ಏನಾದರೂ ಇದ್ದರೆ ಅದು ಇದು. ಅದನ್ನು ಉಪಯೋಗಿಸಿಕೋ.

ಈಗ ದಾರಿ. ನೀನಿರುವುದು ದಾಸರಹಳ್ಳಿ. ಹಸಿರು ಮಾರ್ಗದ ರೈಲು ಹತ್ತಿ ಮೆಜೆಸ್ಟಿಕ್‌ನಲ್ಲಿ ಇಳಿ, ಅಲ್ಲೇ ನೇರಳೆ ಮಾರ್ಗಕ್ಕೆ ಬದಲಿಸಿ ವೈಟ್‌ಫೀಲ್ಡ್ ಕಡೆ ಹೋಗುವ ರೈಲು ಹಿಡಿ. ಎಂ.ಜಿ. ರಸ್ತೆ, ಟ್ರಿನಿಟಿ, ಹಲಸೂರು ಆದಮೇಲೆ ಇಂದಿರಾನಗರ. ಬೆಂಗಳೂರಿನ ಮೆಟ್ರೋ ಮೊದಲು ಓಡಿದ್ದೇ ಈ ತುಂಡಿನಲ್ಲಿ, 2011ರ ಅಕ್ಟೋಬರ್ 20ಕ್ಕೆ, ಬೈಯಪ್ಪನಹಳ್ಳಿಯಿಂದ ಎಂ.ಜಿ. ರಸ್ತೆವರೆಗೆ. ಇಳಿದು ಸಿ.ಎಂ.ಎಚ್. ರಸ್ತೆಯಲ್ಲಿ ನೇರ ನಡೆದರೆ ನೂರಡಿ ರಸ್ತೆ ಬರುತ್ತದೆ. ಮೆಟ್ರೋ ಹಳಿಯೂ ಅಲ್ಲಿ ನಿನ್ನ ತಲೆ ಮೇಲೆ ತಿರುಗುತ್ತದೆ. ಆ ಬ್ರೂವರಿಯ ವಿಳಾಸದಲ್ಲೇ ಮೆಟ್ರೋ ಕಂಬದ ನಂಬರ್ ಇದೆ: 62. ಇಷ್ಟು ಹೆಸರಾದ ಜಾಗ ಹಳಿಯ ಕೆಳಗೇ ಇರುವಾಗ ಜನ ಅಲ್ಲಿಗೆ ಕಾರು ಒಯ್ದು, ನಿಲ್ಲಿಸಲು ಜಾಗ ಸಿಗದೆ ಓಣಿ ಓಣಿ ಸುತ್ತುವುದನ್ನು ನಾನು ಕಣ್ಣಾರೆ ನೋಡಿದ್ದೇನೆ. ರಾತ್ರಿ ದಿಕ್ಕು ತಪ್ಪಿದರೆ ಯಾರನ್ನೂ ಕೇಳಬೇಕಿಲ್ಲ. ಕಂಬದ ಸಾಲು ಹಿಡಿದು ನಡೆ. ಒಂದು ಕಡೆ ಹೋದರೆ ಇಂದಿರಾನಗರ ನಿಲ್ದಾಣ, ಇನ್ನೊಂದು ಕಡೆ ಹೋದರೆ ಸ್ವಾಮಿ ವಿವೇಕಾನಂದ ರಸ್ತೆ ನಿಲ್ದಾಣ. ಕಾಲ ಕೆಳಗೆ ಮಾತ್ರ ನೋಡು, ಫುಟ್‌ಪಾತ್‌ನ ಕಲ್ಲು ಅಲ್ಲಲ್ಲಿ ಎದ್ದಿರುತ್ತದೆ.

ದುಡ್ಡಿನ ಮಾತು ಎತ್ತಬೇಡ. 2025ರ ಫೆಬ್ರುವರಿಯಲ್ಲಿ ಮೆಟ್ರೋ ದರ ಏರಿಸಿದಾಗ ಹೆಚ್ಚೆಂದರೆ 90 ರೂಪಾಯಿ ಮಾಡಿದರು, ಎಲ್ಲರೂ ಬೈದರು, ನಾನೂ ಬೈದೆ. ಆದರೂ ಹೋಗಿಬರುವ ಖರ್ಚು ನೀನು ಅಲ್ಲಿ ಕುಡಿಯುವ ಒಂದು ಗ್ಲಾಸಿಗಿಂತ ಕಡಿಮೆ.

ಟೈಮು ಮಾತ್ರ ಗಟ್ಟಿ ನೆನಪಿಟ್ಟುಕೋ. ಪಬ್ಬು ರಾತ್ರಿ ಒಂದರವರೆಗೆ ತೆರೆದಿರಬಹುದು. ಮೆಟ್ರೋ ತುದಿ ನಿಲ್ದಾಣಗಳಿಂದ ಹನ್ನೊಂದರ ಸುಮಾರಿಗೇ ಕೊನೆಯ ಸಲ ಹೊರಡುತ್ತದೆ. ಈ ಎರಡು ತಾಸಿನ ಅಂತರದಲ್ಲೇ ಎಲ್ಲ ಅನಾಹುತ ಆಗುವುದು. ನೀನು ಮೆಜೆಸ್ಟಿಕ್‌ನಲ್ಲಿ ಮತ್ತೊಂದು ರೈಲು ಹಿಡಿಯಬೇಕಾದವ, ಹತ್ತಕ್ಕೆಲ್ಲ ಬಿಲ್ ಕೊಟ್ಟು ಎದ್ದುಬಿಡು. ಬೇಗ ಹೋಗು, ಬೇಗ ಬಾ. ಸಂಜೆ ಐದೂವರೆಗೆ ಹೋದರೆ ಕೂಡಲು ಜಾಗವೂ ಸಿಗುತ್ತದೆ, ಶನಿವಾರ ಎಂಟರ ಮೇಲೆ ಬಾಗಿಲಲ್ಲೇ ಸಾಲು. ಗೆಳೆಯರು ‘ಇನ್ನೊಂದು ಪಿಚರ್’ ಅನ್ನುತ್ತಾರೆ. ಅನ್ನಲಿ. ‘ನನ್ನ ಗಾಡಿ ಹೋಗುತ್ತದೆ’ ಅಂದು ಎದ್ದವನನ್ನು ಯಾರೂ ಹಿಡಿದು ಕೂಡಿಸುವುದಿಲ್ಲ, ಇದು ಬಸ್ಸಿನ ಅನುಭವ. ‘ಸಾಕಾಯಿತು’ ಅಂದವನನ್ನು ಮಾತ್ರ ಬಿಡುವುದಿಲ್ಲ. ರೈಲು ತಪ್ಪಿದರೆ ಆಟೊ ಅಥವಾ ಕ್ಯಾಬು. ರಾತ್ರಿ ಹತ್ತರಿಂದ ಬೆಳಗಿನ ಐದರವರೆಗೆ ಮೀಟರಿನ ಒಂದೂವರೆ ಪಟ್ಟು ಅಂತ ಲೆಕ್ಕ. ಅದಕ್ಕಿಂತ ಹೆಚ್ಚು ಕೇಳಿದರೂ ಜಗಳಕ್ಕೆ ನಿಲ್ಲಬೇಡ, ಆ ಹೊತ್ತಿನಲ್ಲಿ ನಿನ್ನ ಬಾಯಿಂದ ಒಳ್ಳೆಯ ಕನ್ನಡ ಬರುವುದಿಲ್ಲ. ಆ ದುಡ್ಡನ್ನು ಬಿಯರಿನ ದುಡ್ಡಿನ ಜೊತೆ ಕೂಡಿಸದೆ ಬೇರೆ ಕಿಸೆಯಲ್ಲಿ ಇಡು.

ಇನ್ನು ಬಹಳ ಜನ ಎಡವುವ ಜಾಗ. ಊರ ನಡುವೆ ಮೆಟ್ರೋದಲ್ಲಿ ಜಾಣರಾಗಿ ಹೋಗಿ ಬರುತ್ತಾರೆ, ಆದರೆ ಬೈಕನ್ನು ದಾಸರಹಳ್ಳಿ ನಿಲ್ದಾಣದ ಕೆಳಗೆ ನಿಲ್ಲಿಸಿರುತ್ತಾರೆ. ಇಳಿದ ಮೇಲೆ ಎರಡು ಕಿಲೋಮೀಟರ್, ನಮ್ಮದೇ ಏರಿಯಾ, ಯಾರು ಹಿಡಿಯುತ್ತಾರೆ ಅಂತ ಹತ್ತುತ್ತಾರೆ. ಆ ಎರಡು ಕಿಲೋಮೀಟರಿನಲ್ಲೂ ನಾಯಿ ಅಡ್ಡ ಬರುತ್ತದೆ, ಗುಂಡಿ ಇರುತ್ತದೆ, ಫ್ಯಾಕ್ಟರಿ ಶಿಫ್ಟ್ ಮುಗಿಸಿ ನಡೆದು ಹೋಗುವವರಿರುತ್ತಾರೆ. ರೂಮಿನಿಂದ ನಿಲ್ದಾಣದವರೆಗೂ ನಡೆದೇ ಹೋಗು, ಇಲ್ಲ ಆಟೊ. ಬೀದಿಯಲ್ಲಿ ಬಾಡಿಗೆಗೆ ನಿಂತಿರುವ ಬ್ಯಾಟರಿ ಗಾಡಿ ಸಣ್ಣದು ಅಂತ ಹತ್ತಬೇಡ, ಬಿದ್ದರೆ ಒಡೆಯುವುದು ಅದೇ ತಲೆ.

‘ಕಾಕಾ, ಒಂದೇ ಗ್ಲಾಸು ಕುಡಿದು ಗಾಡಿ ಓಡಿಸುತ್ತೇನೆ ಅನ್ನುವ ಗೆಳೆಯ ಇದ್ದಾನೆ, ಅವನ ಕಾರಿದೆ’ ಅಂದಿದ್ದೀ. ಅವನಿಗೆ ಈ ಲೆಕ್ಕ ಕೊಡು. ಅರ್ಧ ಲೀಟರ್ ಬಿಯರ್, ಶೇಕಡ 5ರದ್ದು ಅಂದರೆ 25 ಮಿಲಿಲೀಟರ್ ಆಲ್ಕೋಹಾಲ್, ತೂಕದಲ್ಲಿ ಸುಮಾರು 20 ಗ್ರಾಂ. ಅರವತ್ತು ಕಿಲೋ ತೂಗುವ ಹುಡುಗನ ಮೈಯಲ್ಲಿ ಅದು ಹರಡಿದರೆ ನೂರು ಮಿಲಿಲೀಟರ್ ರಕ್ತದಲ್ಲಿ ನಲವತ್ತರಿಂದ ಐವತ್ತು ಮಿಲಿಗ್ರಾಂ ಮುಟ್ಟಬಹುದು. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನ ಗಡಿ 30 ಮಿಲಿಗ್ರಾಂ. ಹೊಟ್ಟೆ ತುಂಬಿದ್ದರೆ ನಿಧಾನವಾಗಿ ಏರುತ್ತದೆ, ಅಷ್ಟು ಎತ್ತರಕ್ಕೂ ಹೋಗುವುದಿಲ್ಲ, ಆದರೆ ಒಂದೇ ಗ್ಲಾಸು ಅನ್ನುವುದು ರಕ್ಷೆ ಅಲ್ಲ. ಕ್ರಾಫ್ಟ್ ಬಿಯರಿನಲ್ಲಿ ಕೆಲವು ಶೇಕಡ 7ರ ಮೇಲೂ ಇರುತ್ತವೆ, ಮೆನು ಕಾರ್ಡಿನಲ್ಲಿ ಹೆಸರಿನ ಪಕ್ಕ ಬರೆದಿರುತ್ತಾರೆ, ಓದು. ಏರಿದ್ದು ಇಳಿಯುವುದು ತಾಸಿಗೆ ಹದಿನೈದು ಮಿಲಿಗ್ರಾಂನಂತೆ. ಕಾಫಿ ಕುಡಿದರೂ, ತಣ್ಣೀರಲ್ಲಿ ಮುಖ ತೊಳೆದರೂ, ನಿಂಬೆಹಣ್ಣು ಹೀರಿದರೂ ಅದು ಬೇಗ ಇಳಿಯುವುದಿಲ್ಲ. 2019ರ ತಿದ್ದುಪಡಿ ಬಂದ ಮೇಲೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಎರಡನೇ ಸಲ 15,000, ಎರಡು ವರ್ಷ. ಅವನು ಕುಡಿಯದೇ ಕೂಡುವುದಾದರೆ ಅವನ ಕಾರಲ್ಲಿ ಬಾ, ಅವನ ಊಟದ ಬಿಲ್ ನೀವೆಲ್ಲ ಸೇರಿ ಕೊಡಿ. ಕುಡಿದರೆ ಅವನನ್ನೂ ಎಳೆದುಕೊಂಡು ಮೆಟ್ರೋ ಹತ್ತು. ಅಲ್ಲಿ ಗಲಾಟೆ ಮಾಡಬೇಡಿ, ಮೆಟ್ರೋ ಕಾಯ್ದೆಯಲ್ಲೂ ಅಮಲಿನಲ್ಲಿ ಇದ್ದವನಿಗೆ ದಂಡ ಹಾಕಿ ಇಳಿಸುವ ಅಧಿಕಾರವಿದೆ.

ಹೋದ ವರ್ಷ ನಿನ್ನ ಅಕ್ಕನ ಮನೆಗೆ ಬಂದಾಗ ಅಳಿಯ ನನ್ನನ್ನೂ ಇಂಥದೊಂದು ಜಾಗಕ್ಕೆ ಕರೆದುಕೊಂಡು ಹೋಗಿದ್ದ. ನಾನು ಕುಡಿಯುವವನಲ್ಲ, ಶೇಂಗಾ ತಿಂದು ಕೂತೆ. ಆದರೆ ನೋಡಬೇಕಾದ್ದು ಇತ್ತು. ಗಾಜಿನ ಹಿಂದೆ ಆಳೆತ್ತರದ ಸ್ಟೀಲ್ ಡ್ರಮ್ಮುಗಳು, ಅದರ ಮೈಮೇಲೆ ಬಿಸಿ ತೋರಿಸುವ ಗಡಿಯಾರ. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯನ್ನು ಒಡೆದು ಬಿಸಿನೀರಲ್ಲಿ ನೆನೆಸುತ್ತಾರೆ, ಸಿಹಿ ನೀರು ಬಸಿದು ಹಾಪ್ಸ್ ಅನ್ನುವ ಕಹಿ ಹೂವು ಹಾಕಿ ಕುದಿಸುತ್ತಾರೆ, ಆರಿಸಿ ಯೀಸ್ಟ್ ಬಿಡುತ್ತಾರೆ. ಉಳಿದದ್ದು ಯೀಸ್ಟಿನ ಕೆಲಸ. ಗೋಧಿ ಬಿಯರು ಮಬ್ಬಾಗಿ ಕಾಣುತ್ತದಲ್ಲ, ಅದು ಕೆಟ್ಟದ್ದಲ್ಲ, ಸೋಸಿಲ್ಲ ಅಷ್ಟೇ. ನೀನು ಹೋಗುವಲ್ಲಿ ಬಾಸ್ಮತಿ ಅಕ್ಕಿ ಹಾಕಿ ಮಾಡುವ ‘ಬಾಸ್ಮತಿ ಬ್ಲಾಂಡ್’ ಅಂತ ಒಂದಿದೆ. ನಮ್ಮ ಜೋಳ ಹಾಕಿ ಯಾರಾದರೂ ಮಾಡಬಾರದೇ ಅಂತ ನನಗೊಂದು ಆಸೆ, ಇರಲಿ. ಗಡಿಗೆಯ ಸೇಂದಿ ತನ್ನಷ್ಟಕ್ಕೆ ಹುಳಿಯುತ್ತಿತ್ತು, ಬೆಳಗಿನದು ಸಿಹಿ, ಸಂಜೆಯದು ಹುಳಿ. ಇಲ್ಲಿ ಅದನ್ನೇ ಗಡಿಯಾರ ಇಟ್ಟು ಮಾಡುತ್ತಾರೆ. ಡ್ರಮ್ಮಿನಿಂದ ನೇರ ಗ್ಲಾಸಿಗೆ ಬರುವುದನ್ನು ಮಾಡಿದಲ್ಲೇ ಕುಡಿಯಬೇಕು. ಅದಕ್ಕೇ ಮನುಷ್ಯ ಅಲ್ಲಿಗೆ ಹೋಗಲೇಬೇಕು, ಹೋದವ ಬರಲೇಬೇಕು.

ಸಣ್ಣ ಸಣ್ಣ ಗ್ಲಾಸುಗಳನ್ನು ಹಲಗೆ ಮೇಲೆ ಜೋಡಿಸಿ ಎಲ್ಲವನ್ನೂ ಸ್ವಲ್ಪ ಸ್ವಲ್ಪ ರುಚಿಗೆ ಕೊಡುವ ಪದ್ಧತಿ ಇಂಥ ಕಡೆ ಇದೆ. ಮೊದಲ ಸಲ ಹೋದವನಿಗೆ ಅದು ಸಾಕು. ಪಿಚರ್‌ಗೆ ಕೈ ಹಾಕಬೇಡ. ನಡುವೆ ಯಾರೋ ಗ್ಲಾಸು ತುಂಬುತ್ತಲೇ ಇರುತ್ತಾರೆ, ಎಷ್ಟು ಕುಡಿದೆ ಅಂತ ಲೆಕ್ಕ ಸಿಗುವುದಿಲ್ಲ. ಊಟ ಮೊದಲು, ನೀರು ನಡುನಡುವೆ. ಇಪ್ಪತ್ತೊಂದು ದಾಟಿದ್ದೀ, ಆದರೂ ಗುರುತಿನ ಚೀಟಿ ಇಟ್ಟುಕೋ, ನಿನ್ನ ಮುಖ ನೋಡಿದರೆ ಪಿಯುಸಿ ಹುಡುಗ ಅನ್ನುತ್ತಾರೆ.

ಬೆಂಗಳೂರಿನಲ್ಲಿ ಈ ಬ್ರೂವರಿಗಳು ಶುರುವಾದದ್ದು ಮೊನ್ನೆ ಮೊನ್ನೆ. 2011ರಲ್ಲಿ ಲ್ಯಾವೆಲ್ ರಸ್ತೆಯಲ್ಲಿ ಬಿಯರ್ ಕ್ಲಬ್ ಬಂತು. 2012ರಲ್ಲಿ ಮ್ಯಾಗ್ರತ್ ರಸ್ತೆಯಲ್ಲಿ ಆರ್ಬರ್, ವೈಟ್‌ಫೀಲ್ಡ್‌ನಲ್ಲಿ ವಿಂಡ್‌ಮಿಲ್ಸ್ ಬಂದವು. ವೈಟ್‌ಫೀಲ್ಡ್‌ಗೆ ಆಗ ಗಾಡಿಯಿಲ್ಲದೆ ಹೋಗುವುದು ಕಷ್ಟವಿತ್ತು. 2023ರ ಅಕ್ಟೋಬರ್ 9ರಿಂದ ನೇರಳೆ ಮಾರ್ಗ ಚಲ್ಲಘಟ್ಟದಿಂದ ವೈಟ್‌ಫೀಲ್ಡ್‌ವರೆಗೆ ಒಂದೇ ಉಸಿರಿಗೆ ಓಡುತ್ತಿದೆ, ಇಳಿದು ಸ್ವಲ್ಪ ದೂರ ಆಟೊ ಸಾಕು. ಸರ್ಜಾಪುರ ರಸ್ತೆ, ಹೆಣ್ಣೂರು ಕಡೆಯ ದೊಡ್ಡ ದೊಡ್ಡವು ಸದ್ಯಕ್ಕೆ ನಿನಗೆ ಬೇಡ. ಮೆಟ್ರೋ ಎಲ್ಲಿ ಇಳಿಸುತ್ತದೋ ಅಲ್ಲಿರುವುದೇ ಬೇಕಾದಷ್ಟಿದೆ.

ಅವ್ವನಿಗೆ ಏನು ಹೇಳಲಿ ಅಂತಲೂ ಕೇಳಿದ್ದೀ. ನಿಮ್ಮಪ್ಪ ಕುಡಿಯುವವರನ್ನು ಮನುಷ್ಯರ ಲೆಕ್ಕಕ್ಕೇ ಹಿಡಿಯುವುದಿಲ್ಲ. ಅವನಿಗೆ ನಾನು ಹೆಂಡದ ಮಾರಯ್ಯನ ಹೆಸರು ಹೇಳುತ್ತಿರುತ್ತೇನೆ. ನಮ್ಮ ಪಕ್ಕದ ಕಲ್ಯಾಣದಲ್ಲೇ ಹೆಂಡ ಮಾರುವ ಕಾಯಕದವನೂ ಹನ್ನೆರಡನೆಯ ಶತಮಾನದಲ್ಲಿ ಶರಣರ ಸಾಲಿನಲ್ಲಿ ಕೂತ, ವಚನ ಬರೆದ. ‘ಅವನು ಮಾರಿದ, ಕುಡಿದನೇನು?’ ಅಂತ ಅಣ್ಣ ಎದ್ದು ಹೋಗುತ್ತಾನೆ. ಆ ವಾದ ಮುಗಿಯುವುದಲ್ಲ. ನಿಮ್ಮವ್ವ, ನನ್ನ ವೈನಿ, ಹಾಗಲ್ಲ. ಅವಳಿಗೆ ಸಿಟ್ಟು ಬರುತ್ತದೆ, ಎರಡು ದಿನ ಮಾತಾಡುವುದಿಲ್ಲ, ಆಮೇಲೆ ಮೊದಲು ಕೇಳುವುದು ಮನೆಗೆ ಹೇಗೆ ಬಂದೆ ಅಂತಲೇ. ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ರೂಮಿಗೆ ಬಂದ ಮೇಲೆ ನನಗೊಂದು ಮಿಸ್‌ಕಾಲ್ ಕೊಡು, ಅಷ್ಟು ಹೊತ್ತು ಎಚ್ಚರ ಇರುತ್ತೇನೆ. ಗುಂಪಿನಲ್ಲಿ ಹೆಣ್ಣುಮಕ್ಕಳಿದ್ದರೆ ಅವರೂ ಮುಟ್ಟಿದರೋ ಇಲ್ಲವೋ ಫೋನು ಮಾಡಿ ಕೇಳಿಕೊಂಡು ಮಲಗು.

ನನಗೆ ನಿನಗಿಂತ ನಿನ್ನ ತಮ್ಮನ ಚಿಂತೆ. ವಾರಕ್ಕೊಮ್ಮೆ ಸಂಜೆ ಬೈಕ್ ತೆಗೆದುಕೊಂಡು ಮನ್ನಾಎಖೇಳ್ಳಿ ಕಡೆ ಹೋಗುತ್ತಾನೆ, ಕೇಳಿದರೆ ಗೆಳೆಯನ ಬರ್ತ್‌ಡೇ ಅನ್ನುತ್ತಾನೆ. ಒಬ್ಬನೇ ಗೆಳೆಯನಿಗೆ ಎಷ್ಟು ಬರ್ತ್‌ಡೇ. ನಾನು ಹೇಳಿದರೆ ಕೇಳುವ ವಯಸ್ಸಲ್ಲ ಅವನದು, ನೀನು ಹೇಳಿದರೆ ಕೇಳುತ್ತಾನೆ. ಇಪ್ಪತ್ತೊಂದು ತುಂಬುವವರೆಗೆ ಇದರ ಗೊಡವೆಗೇ ಹೋಗಬೇಡ ಅನ್ನು. ತುಂಬಿದ ಮೇಲೆ ಹೋಗಲೇಬೇಕು ಅಂದರೆ ಢಾಬಾ ಬಿಟ್ಟು ಹೈದರಾಬಾದಿಗೆ ಹೋಗಲಿ, ನಮಗೆ ಬೆಂಗಳೂರಿಗಿಂತ ಅದೇ ಹತ್ತಿರ. ಜುಬಿಲಿ ಹಿಲ್ಸ್, ಹೈಟೆಕ್ ಸಿಟಿ ಕಡೆ ಇಂಥ ಬ್ರೂವರಿಗಳು ಬೇಕಾದಷ್ಟಿವೆ. ಮನ್ನಾಎಖೇಳ್ಳಿಯಲ್ಲಿ ಹೈದರಾಬಾದ್ ಬಸ್ಸು ಹತ್ತಿದರೆ ಜಹೀರಾಬಾದ್, ಸಂಗಾರೆಡ್ಡಿ, ಪಟಾಂಚೆರು ದಾಟಿ ಮಿಯಾಪುರ. ಊರೊಳಗಿನ ಟ್ರಾಫಿಕ್ಕಿಗೆ ಸಿಕ್ಕದೆ ಅಲ್ಲೇ ಇಳಿದು ಕೆಂಪು ಮಾರ್ಗದ ಮೆಟ್ರೋದಲ್ಲಿ ಅಮೀರ್‌ಪೇಟೆಗೆ ಹೋಗಲಿ, ಅಲ್ಲಿ ನೀಲಿ ಮಾರ್ಗಕ್ಕೆ ಬದಲಿಸಿ ರಾಯದುರ್ಗದ ಕಡೆ ಹೋಗುವ ರೈಲು ಹಿಡಿಯಲಿ. ರಾತ್ರಿ ವಾಪಸ್ ಬರುವ ಯೋಚನೆಯೇ ಬೇಡ, ಕೂಕಟ್‌ಪಲ್ಲಿಯಲ್ಲಿ ಅತ್ತೆಯ ಮನೆಯಿದೆ, ಮಿಯಾಪುರದ ಇದೇ ಕೆಂಪು ಮಾರ್ಗದ ಮೇಲೆ. ಅತ್ತೆಗೆ ಮೊದಲೇ ಫೋನು ಮಾಡಿ ಹೇಳುವ ಕೆಲಸ ನನ್ನದು. ಬೆಳಿಗ್ಗೆ ಅವಳ ಕೈಯಲ್ಲಿ ಬೈಸಿಕೊಂಡು, ಚಹಾ ಕುಡಿದು, ಬೀದರ್ ಬಸ್ಸು ಹತ್ತದೆ ಹುಮನಾಬಾದ್ ಬಸ್ಸನ್ನೇ ನೋಡಿ ಹತ್ತಲಿ. ಬೀದರ್ ಬಸ್ಸು ಜಹೀರಾಬಾದ್‌ನಲ್ಲಿ ಬೇರೆ ದಾರಿ ಹಿಡಿಯುತ್ತದೆ. ಮನ್ನಾಎಖೇಳ್ಳಿಗೆ ಬರುವ ಹೊತ್ತು ತಿಳಿಸಿದರೆ ಬಸ್‌ಸ್ಟ್ಯಾಂಡಿಗೆ ಗಾಡಿ ತೆಗೆದುಕೊಂಡು ನಾನೇ ಬರುತ್ತೇನೆ.